ಎಲೆ ಅಡಿಕೆ ತಟ್ಟೆ ಮತ್ತು ಕೈಯಲ್ಲಿರುವ ಫೋನು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ತೀರ್ಥಹಳ್ಳಿ ಕಡೆ ಊಟ ಮುಗಿಸಿ, ಕೈ ತೊಳೆದು ಜಗಲಿಗೆ ಬಂದರೆ ಎಲೆ ಅಡಿಕೆ ತಟ್ಟೆ ಅಲ್ಲಿ ಇದ್ದೇ ಇರುತ್ತದೆ. ಯಾರೂ ಕರೆಯಬೇಕಿಲ್ಲ. ತಟ್ಟೆ ಕಂಡಿತು, ಕೈ ಹೋಯಿತು. ಅಡಕತ್ತರಿಯಲ್ಲಿ ಅಡಿಕೆ ಹೋಳು ಮಾಡುವುದು, ಎಲೆಯ ತೊಟ್ಟು ಮುರಿಯುವುದು, ಬೆನ್ನಿಗೆ ಸುಣ್ಣ ಹಚ್ಚುವುದು, ಇದೆಲ್ಲ ಮಾತಾಡ್ತಾ ಮಾತಾಡ್ತಾನೇ ಆಗುತ್ತದೆ, ಕೈಗೆ ಅದರ ದಾರಿ ಗೊತ್ತು. ಒಂದೊಂದು ಸಲ ಅಡಿಕೆ ಸೊಕ್ಕುತ್ತದೆ. ಕಿವಿ ಬಿಸಿಯಾಗಿ, ಹಣೆ ಬೆವರಿ, ತಲೆ ತಿರುಗುತ್ತದೆ. ಒಂದೊಂದು ಸಲ ಏನೂ ಆಗುವುದಿಲ್ಲ. ಯಾವ ಹೋಳು ಸೊಕ್ಕುತ್ತದೆ ಅಂತ ಮೊದಲೇ ಹೇಳಲು ಯಾರಿಗೂ ಆಗುವುದಿಲ್ಲ.

ನಾನು ಶಿವಮೊಗ್ಗದಲ್ಲಿ ಮೊಬೈಲ್ ಆ್ಯಪ್ ಮಾಡುವ ಒಂದು ಸಣ್ಣ ತಂಡದಲ್ಲಿದ್ದೇನೆ. ಜನರಿಗೆ ಅಭ್ಯಾಸ ಆಗುವಂಥ ವಸ್ತು ಮಾಡುವುದು ಹೇಗೆ, ಅದರಿಂದ ವ್ಯಾಪಾರ ಬೆಳೆಸುವುದು ಹೇಗೆ, ಇದು ನಮ್ಮ ಕಸುಬಿನಲ್ಲಿ ಎಲ್ಲರೂ ಕಲಿಯುವ ಪಾಠ. ನಿರ್ ಇಯಾಲ್ ಎಂಬ ಲೇಖಕರು 2014ರಲ್ಲಿ ಇದನ್ನು ನಾಲ್ಕು ಹೆಜ್ಜೆಯಾಗಿ ಬಿಡಿಸಿ ಹೇಳಿದರು. ಮೊದಲು ನೆನಪಿಸುವ ಒಂದು ಸೂಚನೆ. ಆಮೇಲೆ ಸುಲಭದ ಒಂದು ಕೆಲಸ. ಅದಕ್ಕೊಂದು ಫಲ, ಆದರೆ ಪ್ರತಿ ಸಲ ಒಂದೇ ಥರ ಇರದ ಫಲ. ಕೊನೆಗೆ, ಬಳಸುವವರು ತಮ್ಮದೇನನ್ನಾದರೂ ಅದರೊಳಗೆ ಇಡಬೇಕು, ಆಗ ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ. ಇದನ್ನು ಮೊದಲ ಸಲ ತಿಳಿದಾಗ ನನ್ನ ಕಣ್ಣಿಗೆ ಬಂದದ್ದು ನಮ್ಮ ಜಗಲಿಯ ತಟ್ಟೆಯೇ. ನಾಲ್ಕನೆಯ ಹೆಜ್ಜೆಯೂ ಅಲ್ಲಿತ್ತು, ಅಜ್ಜನ ಸುಣ್ಣದ ಡಬ್ಬಿ ಅಜ್ಜನದೇ, ಅದನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

ಮೂರನೆಯ ಹೆಜ್ಜೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ವರ್ಷಗಟ್ಟಲೆ ನೋಡಿದರು. ಒಂದು ಬಿಲ್ಲೆಯನ್ನು ಕುಕ್ಕಿದರೆ ಕಾಳು ಬರುತ್ತದೆ. ಪ್ರತಿ ಸಲ ಕಾಳು ಬರುತ್ತಿದ್ದು ಒಂದು ದಿನ ನಿಂತರೆ, ಪಾರಿವಾಳ ಬೇಗ ಕೈಬಿಡುತ್ತದೆ. ಆದರೆ ಕಾಳು ಯಾವಾಗಲೋ ಒಮ್ಮೆ, ಗೊತ್ತುಗುರಿಯಿಲ್ಲದೆ ಬರುತ್ತಿದ್ದರೆ, ಅದು ನಿಂತ ಮೇಲೂ ಪಾರಿವಾಳ ಕುಕ್ಕುತ್ತಲೇ ಇರುತ್ತದೆ, ಇನ್ನೊಂದು ಸಲ, ಇನ್ನೊಂದೇ ಸಲ ಅಂತ. 1957ರ ಹೊತ್ತಿಗೇ ಇದೆಲ್ಲ ಅಚ್ಚಾಗಿತ್ತು. ಆಮೇಲೆ 1990ರ ದಶಕದಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿ ಮಂಗಗಳ ಮಿದುಳಿನಲ್ಲಿ ಇನ್ನೊಂದನ್ನು ಕಂಡರು. ಹಣ್ಣಿನ ರಸ ಬಾಯಿಗೆ ಬಿದ್ದಾಗ ಚುರುಕಾಗುತ್ತಿದ್ದ, ಡೋಪಮಿನ್ ಎಂಬ ರಾಸಾಯನಿಕ ಬಿಡುವ ಕೋಶಗಳು, ಸ್ವಲ್ಪ ರೂಢಿಯಾದ ಮೇಲೆ ರಸಕ್ಕಲ್ಲ, ರಸ ಬರುತ್ತದೆ ಅಂತ ಹೇಳುವ ದೀಪಕ್ಕೇ ಚುರುಕಾಗತೊಡಗಿದವು. ಫೋನು ಟಿಣ್ ಅಂದ ತಕ್ಷಣ ಎದೆಯಲ್ಲಿ ಒಂಥರಾ ಆಗುತ್ತದಲ್ಲ, ಒಳಗೇನಿದೆ ಅಂತ ಇನ್ನೂ ನೋಡಿಯೇ ಇರುವುದಿಲ್ಲ.

ಈಗ ತಟ್ಟೆಗೆ ವಾಪಸ್ ಬರುತ್ತೇನೆ. ತಟ್ಟೆಯ ಅಡಿಕೆ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ, ಅಡಿಕೆಯ ದುಡ್ಡಿನಲ್ಲೇ ಓದಿ ಬೆಳೆದ ನನ್ನಂಥವರಿಗೆ ಆ ಮಾತು ಕೇಳುವುದು ಸುಲಭ ಅಲ್ಲ. ಆದರೆ ತಟ್ಟೆಗೆ ಒಂದು ಗುಣ ಇತ್ತು. ಅದು ಜಗಲಿ ಬಿಟ್ಟು ಬರುತ್ತಿರಲಿಲ್ಲ. ಅಡಿಕೆ ಕತ್ತರಿಸಬೇಕು, ಎಲೆ ಒರೆಸಬೇಕು, ಕೂರಬೇಕು. ಆಮೇಲೆ ಗುಟ್ಕಾ ಪ್ಯಾಕೆಟ್ ಬಂತು. ಅದರಲ್ಲಿ ತಂಬಾಕೂ ಇತ್ತು, ಅದು ಬೇರೆಯೇ ಕಥೆ, ಆದರೆ ನಮ್ಮ ಕಸುಬಿನ ಕಣ್ಣಿಂದ ನೋಡಿದರೆ ಪ್ಯಾಕೆಟ್ ಮಾಡಿದ ದೊಡ್ಡ ಕೆಲಸ ಅಂದರೆ ಈ ಶ್ರಮವನ್ನೆಲ್ಲ ತೆಗೆದು ಹಾಕಿದ್ದು. ಹರಿ, ಬಾಯಿಗೆ ಸುರಿ. ಊಟ ಆದ ಮೇಲಿನ ಅಭ್ಯಾಸ ಬಸ್ಸಿನಲ್ಲಿ, ತೋಟದಲ್ಲಿ, ಹಾಸಿಗೆಯಲ್ಲಿ ಎಲ್ಲ ಕಡೆ ಬಂತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿ. ಜೆ. ಫಾಗ್ ಹೇಳುವುದೂ ಇದನ್ನೇ: ಬೇಕು ಅನ್ನುವ ಆಸೆ, ಮಾಡಲು ಸುಲಭ, ನೆನಪಿಸುವ ಸೂಚನೆ, ಈ ಮೂರೂ ಒಂದೇ ಹೊತ್ತಿಗೆ ಸೇರಿದರೆ ಮನುಷ್ಯ ಆ ಕೆಲಸ ಮಾಡುತ್ತಾನೆ. ಆಸೆ ಹುಟ್ಟಿಸುವುದು ಕಷ್ಟ, ಸುಲಭ ಮಾಡುವುದು ಸಲೀಸು. ಹಾಗಾಗಿ ಎಲ್ಲರೂ ಸುಲಭ ಮಾಡಲು ಹೊರಡುತ್ತಾರೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧಿಸಲು 2013ರವರೆಗೆ ಕಾಯಬೇಕಾಯಿತು.

ಫೋನಿನಲ್ಲೂ ಅದೇ ನಡೆಯಿತು. ಮೊದಲು ವೆಬ್‌ಪುಟಕ್ಕೆ ಒಂದು ತುದಿ ಇರುತ್ತಿತ್ತು. ಕೆಳಗೆ ಬಂದರೆ ಮುಂದಿನ ಪುಟ ಅಂತ ಒತ್ತಬೇಕಿತ್ತು. ಆ ಒಂದು ಕ್ಷಣದಲ್ಲಿ, ಸಾಕಪ್ಪ, ಎದ್ದು ಹೋಗೋಣ ಅಂತ ಅನಿಸಲು ಜಾಗ ಇತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಆ ತುದಿಯನ್ನು ತೆಗೆದು, ಜಾರಿಸಿದಷ್ಟೂ ಹೊಸದು ಬರುವಂತೆ ಮಾಡಿದರು. ಮುಂದೆ ಅವರೇ ಅದಕ್ಕೆ ಪಶ್ಚಾತ್ತಾಪ ಪಟ್ಟಿದ್ದಾರೆ.

ನಾವೂ ಹಾಗೆಯೇ ಒಂದು ತುದಿಯನ್ನು ತೆಗೆದವರು. ಅದನ್ನು ಹೇಳಲೆಂದೇ ಇವತ್ತು ಬಂದಿದ್ದೇನೆ.

ನಮ್ಮ ತಂಡ ಅಡಿಕೆ ದರ ತಿಳಿಸುವ ಆ್ಯಪ್ ಮಾಡಿತ್ತು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಮಾರುಕಟ್ಟೆಗಳಲ್ಲಿ ಆ ದಿನ ರಾಶಿ ಇಡಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ಸರಕು ಎಷ್ಟು, ಹೀಗೆ ಅಡಿಕೆಯ ಒಂದೊಂದು ಬಗೆಯ ದರ, ಅಷ್ಟೇ. ಜನ ಸಂಜೆ ಒಮ್ಮೆ ನೋಡಿ ಮುಚ್ಚುತ್ತಿದ್ದರು. ಆದರೆ ಜಾಹೀರಾತು ಕೊಡುವವರು ಕೇಳುವುದು ಜನ ದಿನಕ್ಕೆ ಎಷ್ಟು ಸಲ ತೆರೆಯುತ್ತಾರೆ ಅಂತ. ಆಗ ನಾವು ಎರಡು ಬದಲಾವಣೆ ಮಾಡಿದೆವು. ಬೆಳಿಗ್ಗೆಯಿಂದಲೇ ಸಂದೇಶ ಕಳಿಸತೊಡಗಿದೆವು. ಮತ್ತೆ, ಸಂದೇಶದಲ್ಲಿ ದರ ಹಾಕುವುದನ್ನು ನಿಲ್ಲಿಸಿದೆವು. "ರಾಶಿ ಇಡಿ ದರದಲ್ಲಿ ಬದಲಾವಣೆ, ಈಗಲೇ ನೋಡಿ" ಅಂತ ಮಾತ್ರ. ಏರಿತೋ ಇಳಿಯಿತೋ ಗೊತ್ತಾಗಬೇಕಾದರೆ ತೆರೆಯಲೇಬೇಕು. ಆ ಸಾಲನ್ನು ಬರೆದವನು ನಾನೇ. ತೆರೆಯುವವರ ಲೆಕ್ಕ ತೋರಿಸುವ ಗೆರೆ ಒಂದೇ ವಾರದಲ್ಲಿ ಮೇಲಕ್ಕೆ ಹೋಯಿತು, ನಮಗೆಲ್ಲ ತುಂಬಾ ಖುಷಿಯಾಯಿತು.

ಆ ಸಲ ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಊರಿಗೆ ಹೋಗಿದ್ದೆ. ಅಂಗಳದಲ್ಲಿ ರಾತ್ರಿ ಅಡಿಕೆ ಸುಲಿತ ನಡೆಯುತ್ತಿತ್ತು. ಚಿಕ್ಕಪ್ಪ ಮೆಟ್ಟುಗತ್ತಿ ಬಿಟ್ಟು ಬಿಟ್ಟು ಫೋನು ನೋಡುತ್ತಿದ್ದರು. ಮಂಡಿ ಮುಚ್ಚಿ ಎಷ್ಟೋ ಹೊತ್ತಾಗಿತ್ತು. "ಚಿಕ್ಕಪ್ಪ, ಈಗ ಮಾರ್ತೀರಾ?" ಅಂದೆ. "ಇಲ್ಲ ಮಾರಾಯ, ಯುಗಾದಿ ಕಳೀಲಿ ಅಂತಿದೀನಿ. ಆದ್ರೂ ಎಂತದೋ ಬಂದಿರ್ಬಹುದು ಅನ್ಸುತ್ತೆ. ರಾತ್ರಿ ಎಚ್ಚರ ಆದಾಗ್ಲೂ ನೋಡ್ತೀನಿ" ಅಂದರು. ಅವರು ದೂರಲಿಲ್ಲ. ತಮ್ಮ ಮನೆ ಹುಡುಗ ಮಾಡಿದ ಆ್ಯಪ್ ಅನ್ನುವ ಹೆಮ್ಮೆಯಲ್ಲೇ ಹೇಳಿದರು. ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅವರಿಗೆ ಬೇಕಿದ್ದದ್ದು ದಿನಕ್ಕೊಂದು ಅಂಕಿ. ನಾನು ಅದನ್ನು ಮುಚ್ಚಿಟ್ಟು, ಅವರನ್ನು ಕುಕ್ಕುವಂತೆ ಮಾಡಿದ್ದೆ.

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ ಮೋಸದ ವಿನ್ಯಾಸಗಳ ವಿರುದ್ಧ ಮಾರ್ಗಸೂಚಿ ತಂದಿದೆ. ಅದರಲ್ಲಿ 13 ಬಗೆ ಇವೆ. ಸುಳ್ಳು ಅವಸರ ಹುಟ್ಟಿಸುವುದು, ಪದೇ ಪದೇ ಕಾಡುವುದು, ಚಂದಾ ಕಟ್ಟಿಸಿಕೊಂಡು ಹೊರಹೋಗಲು ಬಿಡದಿರುವುದು, ಹೀಗೆ. ಅದನ್ನು ಓದುವಾಗ ನನಗೆ ನೆನಪಾದದ್ದು "ಈಗಲೇ ನೋಡಿ" ಅಂತ ನಾನು ಬರೆದ ಸಾಲು.

ತಂಡದಲ್ಲಿ ಜಗಳವೇ ಆಯಿತು. ಕೊನೆಗೆ ಒಪ್ಪಿದ್ದು ಇಷ್ಟು: ದಿನಕ್ಕೆ ಒಂದೇ ಸಂದೇಶ, ವ್ಯಾಪಾರ ಮುಗಿದ ಮೇಲೆ ಸಂಜೆ ಆರಕ್ಕೆ, ಅಂಕಿ ಸಂದೇಶದಲ್ಲೇ ಇರಬೇಕು, ಆ್ಯಪ್ ತೆರೆಯುವ ಅಗತ್ಯವೇ ಇರಬಾರದು. ಮೇಲೆ ಹೋಗಿದ್ದ ಗೆರೆ ಕೆಳಗೆ ಬಂತು. ಜಾಹೀರಾತು ಕೊಡುತ್ತಿದ್ದ ಒಬ್ಬರು ಬಿಟ್ಟರು, ಅದರ ಪೆಟ್ಟು ಸಣ್ಣದಾಗಿರಲಿಲ್ಲ. ಆದರೆ ಆ್ಯಪ್ ತೆಗೆದು ಹಾಕುವವರು ಕಡಿಮೆಯಾದರು, ನಾವು ಅದನ್ನು ನಿರೀಕ್ಷಿಸಿರಲಿಲ್ಲ. ದಿನಕ್ಕೊಮ್ಮೆ ಒಂದೇ ಹೊತ್ತಿಗೆ ನೋಡುವುದೂ ಒಂದು ಅಭ್ಯಾಸವೇ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಎಂಬ ಸಂಶೋಧಕಿ ಮತ್ತು ಸಂಗಡಿಗರು 96 ಜನರನ್ನು ನೋಡಿ, ಒಂದು ಕೆಲಸ ತಾನಾಗಿ ಆಗುವ ಹಂತಕ್ಕೆ ಬರಲು ಸುಮಾರು 66 ದಿನ ಬೇಕು, ಆದರೆ ಅದು 18 ದಿನದಿಂದ 254 ದಿನದವರೆಗೂ ಹೋಗಬಹುದು ಅಂತ ಅಂದಾಜು ಮಾಡಿದ್ದರು. ದಿನವೂ ಒಂದೇ ಸಂದರ್ಭದಲ್ಲಿ ಮಾಡುವ ಸಣ್ಣ ಕೆಲಸಗಳನ್ನೇ ಅವರು ಗಮನಿಸಿದ್ದು. ನೀವು ಈ ರೇಡಿಯೋ ಹಚ್ಚಿದ್ದೂ ಹಾಗೇ ಅಲ್ವಾ? ಇಂಥ ಹೊತ್ತಿಗೆ ಶುರು, ಇಂಥ ಹೊತ್ತಿಗೆ ಮುಗಿಯಿತು.

ಮೊನ್ನೆ ಭಾನುವಾರ ಸಂಜೆ ಚಿಕ್ಕಪ್ಪ ಫೋನು ಮಾಡಿದರು. "ಇವತ್ತು ದರ ಬಂದಿಲ್ವಲ್ಲಾ?" ಅಂದರು. "ಭಾನುವಾರ ಮಂಡಿಗೆ ರಜೆ ಅಲ್ವಾ ಚಿಕ್ಕಪ್ಪ" ಅಂದೆ. ಒಂದು ಕ್ಷಣ ಸುಮ್ಮನಿದ್ದು, "ಹೌದು ಹೌದು, ಆರು ಗಂಟೆ ಆಯ್ತಲ್ಲ, ಕೈ ತಾನಾಗೇ ಹೋಯ್ತು" ಅಂದರು. ಆಮೇಲೆ ಊರಿನಲ್ಲಿ ಮಳೆ ಎಷ್ಟಾಯಿತು, ತೋಟಕ್ಕೆ ಔಷಧಿ ಹೊಡೆಯುವವರು ಸಿಕ್ಕರೋ ಇಲ್ಲವೋ, ಎಲ್ಲ ಮಾತಾಡಿ ಫೋನು ಇಟ್ಟರು.

ನಮಸ್ಕಾರ.