ಮೊದಲು ಹೆಸರು ಬರೆದುಕೊಳ್ಳಿ

ಮಡಿಕೇರಿಯಲ್ಲಿ ನಿಂತು ಕಾರ್ಯಪ್ಪನವರ ಕತೆ ಹೇಳುವುದೆಂದರೆ ತಲಕಾವೇರಿಗೆ ನೀರು ಹೊತ್ತಂತೆ. ಆದರೂ ಹೇಳುತ್ತೇನೆ, ಸಹಿಸಿಕೊಳ್ಳಿ.

1965ರ ಸೆಪ್ಟೆಂಬರ್ 22. ಕದನವಿರಾಮಕ್ಕೆ ಇನ್ನು ಕೆಲವೇ ಗಂಟೆ. ಜನರಲ್ ಕಾರ್ಯಪ್ಪನವರ ಮಗ, ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನ ಗುಂಡಿಗೆ ಬಲಿಯಾಯಿತು. ಅವರು ಪಾಕಿಸ್ತಾನದ ಸೆರೆಯಾದರು. ಅತ್ತ ಅಧ್ಯಕ್ಷ ಸ್ಥಾನದಲ್ಲಿದ್ದವರು ಅಯೂಬ್ ಖಾನ್. ವಿಭಜನೆಗೆ ಮೊದಲು ಇದೇ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಮಗನನ್ನು ಬಿಟ್ಟು ಕಳುಹಿಸುತ್ತೇನೆಂದು ಹೇಳಿ ಕಳುಹಿಸಿದರು. ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಇವನೊಬ್ಬನಿಗೆ ವಿಶೇಷ ಉಪಚಾರ ಬೇಡ ಎಂದರು. ಮಗ ಉಳಿದವರಂತೆಯೇ ಕಾದು, 1966ರ ಜನವರಿಯಲ್ಲಿ ಬಿಡುಗಡೆಯಾದರು.

ಇದನ್ನು ತಂದೆಯ ತ್ಯಾಗವೆಂದು ನಾವು ಕೊಂಡಾಡುತ್ತೇವೆ. ನನಗೆ ಇದರಲ್ಲಿ ಇನ್ನೊಂದು ಕಾಣುತ್ತದೆ. ಜನರಲ್ ಮಗನಿಗೆ ತಂದೆಯ ಹಳೆಯ ಸ್ನೇಹವಿತ್ತು. ಪಕ್ಕದ ಕೋಣೆಯಲ್ಲಿದ್ದ ರೈತನ ಮಗ ಸಿಪಾಯಿಗೆ ಯಾರಿದ್ದರು? ಅವನಿಗೆ ಇದ್ದದ್ದು ಯುದ್ಧಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ಹೇಳುವ 1949ರ ಜಿನೀವಾ ಒಪ್ಪಂದವೊಂದೇ.

ಆ ಒಪ್ಪಂದದಲ್ಲಿ 143 ವಿಧಿಗಳಿವೆ. ನನ್ನ ಪ್ರಾಣವೆಲ್ಲ ಇರುವುದು ಎರಡರ ಮೇಲೆ. ಹದಿನೇಳನೆಯದರಂತೆ ಸೆರೆಯಾಳು ಹೇಳಬೇಕಾದದ್ದು ಹೆಸರು, ಹುದ್ದೆ, ಹುಟ್ಟಿದ ದಿನ, ಸೇನಾ ಸಂಖ್ಯೆ, ಅಷ್ಟೇ. ಅದಕ್ಕಿಂತ ಹೆಚ್ಚು ಬಾಯಿ ಬಿಡಿಸಲು ಹಿಂಸಿಸುವಂತಿಲ್ಲ. ಎಪ್ಪತ್ತನೆಯದರಂತೆ, ಶಿಬಿರಕ್ಕೆ ಬಂದ ಒಂದು ವಾರದೊಳಗೆ ಅವನು ಮನೆಗೊಂದು ಕಾರ್ಡು ಬರೆಯಲು ಬಿಡಬೇಕು. ಒಂದು ಕಾರ್ಡು! ಹೆಸರು ದಾಖಲಾದವನನ್ನು ಕೊಂದು ಹೂತು, ಅವನು ನಮ್ಮಲ್ಲಿಗೆ ಬಂದೇ ಇಲ್ಲವೆನ್ನುವುದು ಕಷ್ಟ. ಅದಕ್ಕೇ ನಾನು ಹೋದಲ್ಲೆಲ್ಲ ಹೇಳುವುದು: ಊಟ, ಔಷಧಿ, ಹೊದಿಕೆ ಎಲ್ಲವೂ ಬೇಕು, ಆದರೆ ಮೊದಲು ಹೆಸರು ಬರೆದುಕೊಳ್ಳಿ.

ನಮ್ಮ ಕಡೆಯದನ್ನೂ ಹೇಳಬೇಕು. 1971ರ ಯುದ್ಧದಲ್ಲಿ ಪಾಕಿಸ್ತಾನದ ಸುಮಾರು 93,000 ಮಂದಿ ನಮ್ಮ ವಶಕ್ಕೆ ಬಂದರು. ಅವರಲ್ಲಿ ನಾಗರಿಕರೂ ಇದ್ದರು. ಅವರನ್ನು ಚೆನ್ನಾಗಿ ನೋಡಿಕೊಂಡೆವೆಂಬ ಹೆಮ್ಮೆ ನನಗೂ ಇದೆ. ಆದರೆ ಕಾದಾಟ ನಿಂತ ಮೇಲೆ ತಡಮಾಡದೆ ಬಿಡಬೇಕೆಂಬುದು 118ನೆಯ ವಿಧಿ. ಕೊನೆಯ ತಂಡ ಮರಳಿದ್ದು 1974ರ ಏಪ್ರಿಲ್‌ನಲ್ಲಿ. ಪಾಕಿಸ್ತಾನ ಬಾಂಗ್ಲಾದೇಶಕ್ಕೆ ಮಾನ್ಯತೆ ಕೊಡಬೇಕಿತ್ತು, ಯುದ್ಧಾಪರಾಧದ ಆರೋಪ ಹೊತ್ತ 195 ಮಂದಿಯ ವಿಚಾರಣೆಯ ಪ್ರಶ್ನೆಯಿತ್ತು ಎಂದು ಕಾರಣಗಳಿದ್ದವು, ನಿಜ. ಆದರೂ ಎರಡು ವರ್ಷಕ್ಕೂ ಮಿಕ್ಕಿ ಅಲ್ಲಿಯೂ ತಾಯಂದಿರು ಬಾಗಿಲು ನೋಡುತ್ತಾ ಕುಳಿತಿದ್ದರು.

ಸಭೆಯ ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. 2019ರಲ್ಲಿ ಪಾಕಿಸ್ತಾನದ ಸೆರೆಯಾದ ನಮ್ಮ ವಾಯುಪಡೆಯ ಪೈಲಟ್ ಅಭಿನಂದನ್ ಅವರ ವಿಡಿಯೊ ಹರಿದಾಡಿದ್ದನ್ನು, ಸೆರೆಯಾಳನ್ನು ಜನರ ಕುತೂಹಲದ ವಸ್ತುವಾಗಿಸಬಾರದೆಂಬ 13ನೆಯ ವಿಧಿಯನ್ನು ವಿವರವಾಗಿ ಹೇಳಬೇಕೆಂದಿದ್ದೆ, ಬಿಡುತ್ತೇನೆ. ಇದೊಂದನ್ನು ಬಿಡಲಾರೆ. 1971ರಲ್ಲಿ ಕಾಣೆಯಾದ ನಮ್ಮ 54 ಯೋಧರ ಪಟ್ಟಿಯಿದೆ. ಅವರು ತನ್ನ ವಶದಲ್ಲಿಲ್ಲ ಎಂದೇ ಪಾಕಿಸ್ತಾನ ಹೇಳುತ್ತಾ ಬಂದಿದೆ. 2007ರಲ್ಲಿ ಅವರ ಬಂಧುಗಳು ಕೆಲವರು ಅಲ್ಲಿನ ಸೆರೆಮನೆಗಳಿಗೇ ಹೋಗಿ, ಕಡತಗಳಲ್ಲಿ ಒಂದು ಹೆಸರಿಗಾಗಿ ಹುಡುಕಿ, ಬರಿಗೈಯಲ್ಲಿ ಮರಳಿದರು.