ಆ ಹಾಸಿಗೆ ಯಾರು ಹಾಸಿದರು?

ನಮಸ್ಕಾರ, ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ಬರೆದಿಟ್ಟಿದ್ದೆ. ಬೆಳಿಗ್ಗೆ ಎದ್ದು ಫೋನ್ ನೋಡಿದೆ ನೋಡಿ, ಒಂದು ಕಾಮೆಂಟ್ ಕಾದು ಕೂತಿತ್ತು. ಓದುತ್ತೇನೆ, ಕೇಳಿ.

"ಗುರು, ಹೋಟೆಲ್ ತುಂಬಾ ರಕ್ತಪಿಶಾಚಿಗಳಿದ್ದಾರೆ ಅಂದ್ರೆ ಒಪ್ಕೋತೀಯ. ಅಲ್ಲಿ ಹಾಸಿಗೆ ಯಾರು ಹಾಸಿದ್ರು ಅಂತ ಮಾತ್ರ ಕೇಳ್ತೀಯ. ಇದು ಫ್ಯಾಂಟಸಿ ಗುರು, ಸುಮ್ನೆ ಎಂಜಾಯ್ ಮಾಡು."

ಕೊನೆಗೆ ನಗುವ ಎಮೋಜಿ. ಒಂದಲ್ಲ, ಮೂರು.

ಹೊಸಬರಿಗೆ ಹಿಂದಿನ ಕಥೆ ಹೇಳಿಬಿಡುತ್ತೇನೆ. ಹೋದ ವಾರದ ವಿಡಿಯೋದಲ್ಲಿ ಕೋಜಿ ಫ್ಯಾಂಟಸಿ ಅಂತ ಒಂದು ಬಗೆಯ ಕಥೆಗಳ ಬಗ್ಗೆ ಮಾತಾಡಿದ್ದೆ. ಯುದ್ಧ ಇಲ್ಲ, ಲೋಕ ಮುಳುಗೋದಿಲ್ಲ, ಎಲ್ಲರೂ ಬೆಚ್ಚಗೆ ಕೂತು ಬಿಸಿಬಿಸಿ ಏನೋ ಕುಡಿಯುತ್ತಾರೆ. ಅದರಲ್ಲೂ ಒಂದು ಮಾದರಿ ಇದೆ. ದೊಡ್ಡ ನಗರ, ಸಣ್ಣ ಗಲ್ಲಿ, ಗಲ್ಲಿಯ ಕೊನೆಯಲ್ಲಿ ಹಳೇ ಹೋಟೆಲ್. ಊಟದ ಹೋಟೆಲ್ ಅಲ್ಲ, ಉಳಿದುಕೊಳ್ಳುವ ಹೋಟೆಲ್. ಮಳೆ ಸುರಿಯುತ್ತಿದೆ. ದಿಕ್ಕಿಲ್ಲದ ರಕ್ತಪಿಶಾಚಿಯೊಬ್ಬ ಒದ್ದೆಯಾಗಿ ಬಾಗಿಲಿಗೆ ಬರುತ್ತಾನೆ. ಮಾಲೀಕಳು "ಒಳಗೆ ಬನ್ನಿ" ಅನ್ನುತ್ತಾಳೆ. ಮೇಲೆ ಕೋಣೆ, ದಪ್ಪ ಪರದೆ, ಬೆಳ್ಳಗಿನ ಹಾಸಿಗೆ. ಅವನು ಮಲಗುತ್ತಾನೆ. ನಮ್ಮ ಕಣ್ಣಲ್ಲಿ ನೀರು.

ನನಗೂ ಬಂತು. ಸುಳ್ಳು ಹೇಳಲ್ಲ. ಕಣ್ಣು ಒರೆಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದೆ. ಆ ಹಾಸಿಗೆ ಯಾರು ಹಾಸಿದರು?

ಅಷ್ಟಕ್ಕೇ ಮೂರು ಎಮೋಜಿ.

ಸರಿ, ಈಗ ನಿಧಾನವಾಗಿ ಹೇಳುತ್ತೇನೆ. ರಕ್ತಪಿಶಾಚಿ ಕಥೆಗಳಿಗೆಲ್ಲ ಅಜ್ಜ ಅನ್ನಬಹುದಾದ ಪುಸ್ತಕ, ಬ್ರಾಮ್ ಸ್ಟೋಕರ್ ಬರೆದ ಡ್ರಾಕುಲಾ, 1897ರಲ್ಲಿ ಬಂದದ್ದು. ಜೊನಾಥನ್ ಹಾರ್ಕರ್ ಅಂತ ಒಬ್ಬ ಹುಡುಗ, ಲಾಯರ್, ಮನೆ ಮಾರಾಟದ ಕಾಗದ ಹಿಡಿದುಕೊಂಡು ಕೌಂಟ್ ಡ್ರಾಕುಲಾ ಅನ್ನುವ ದೊಡ್ಡ ಜಮೀನ್ದಾರನ ಕೋಟೆಗೆ ಹೋಗುತ್ತಾನೆ. ರಾತ್ರಿ ತಡವಾಗಿದೆ. ಕೌಂಟ್ ಏನು ಹೇಳುತ್ತಾನೆ ಗೊತ್ತಾ? ಆಳುಗಳು ಈಗ ಸಿಗೋದಿಲ್ಲ, ನಾನೇ ನಿಮ್ಮನ್ನು ನೋಡಿಕೊಳ್ಳುತ್ತೇನೆ ಅಂತ. ಹೇಳಿ, ಹುಡುಗನ ಲಗೇಜ್ ತಾನೇ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಾನೆ. ಊಟ ಸಿದ್ಧ ಇದೆ. ತಟ್ಟೆ ಬಂಗಾರದ್ದು. ಆದರೆ ಮನೆಯಲ್ಲಿ ಒಂದು ಆಳಿನ ಸುಳಿವೂ ಇಲ್ಲ.

ಕೆಲವು ದಿನ ಕಳೆದ ಮೇಲೆ ಹಾರ್ಕರ್ ಸದ್ದು ಮಾಡದೆ ತನ್ನ ಕೋಣೆಗೆ ಬರುತ್ತಾನೆ. ಏನು ಕಾಣುತ್ತದೆ? ರಕ್ತ ಅಲ್ಲ. ಹೆಣ ಅಲ್ಲ. ಕೌಂಟ್ ಡ್ರಾಕುಲಾ ಬಗ್ಗಿ ಹಾಸಿಗೆ ಹಾಸುತ್ತಿದ್ದಾನೆ! ಆಮೇಲೆ ಬಾಗಿಲಿನ ಕೀಲಿನ ಸಂದಿಯಿಂದ ಇಣುಕಿದರೆ ಊಟದ ಮೇಜು ಜೋಡಿಸುತ್ತಿದ್ದಾನೆ. ಆಗ ಹುಡುಗನಿಗೆ ಹೊಳೆಯುತ್ತದೆ. ಅಯ್ಯೋ, ಮನೆಯಲ್ಲಿ ಬೇರೆ ಯಾರೂ ಇಲ್ಲ. ನನ್ನನ್ನು ಕರೆದುಕೊಂಡು ಬಂದ ಗಾಡಿ ಹೊಡೆಯುವವನೂ ಇವನೇ.

ನೋಡಿ ಎಂಥ ಜಾಗ! ಡ್ರೈವರ್ ಅವನೇ, ರಿಸೆಪ್ಷನ್ ಅವನೇ, ರೂಮ್ ಬಾಯ್ ಅವನೇ, ಸಪ್ಲೈಯರ್ ಅವನೇ. ಲೋಕದ ಅತಿ ದೊಡ್ಡ ರಕ್ತಪಿಶಾಚಿಯನ್ನು ನಾವು ಮೊದಲು ನೋಡೋದು ಸಣ್ಣ ಹೋಟೆಲ್ ನಡೆಸುವವನಾಗಿ. ಸ್ಟೋಕರ್‌ಗೆ ಗೊತ್ತಿತ್ತು. ಹಾಸಿಗೆ ಹಾಸಿದವರು ಯಾರು ಅಂತ ಕೇಳಿದರೆ ಕಥೆ ಬಾಯಿ ಬಿಡುತ್ತದೆ. 125 ವರ್ಷ ಕಳೆದ ಮೇಲೆ ನಮ್ಮ ಎಮೋಜಿ ಸ್ವಾಮಿಗಳು ಅದನ್ನು ಕೇಳಬೇಡ ಅನ್ನುತ್ತಾರೆ.

ಇನ್ನೂ ಸಬ್‌ಸ್ಕ್ರೈಬ್ ಮಾಡದೆ ಕದ್ದು ನೋಡುತ್ತಿರುವವರು ಈಗ ಒತ್ತಿಬಿಡಿ. ಹಾರ್ಕರ್ ಥರ ಬಾಗಿಲ ಸಂದಿಯಲ್ಲಿ ನಿಂತು ನೋಡಬೇಡಿ. ಒಳಗೆ ಬನ್ನಿ. ಕರೆದಿದ್ದೇನೆ, ಇನ್ನು ನಿಮ್ಮಿಷ್ಟ.

ಈಗ ಒಂದು ಗುಟ್ಟು. ನಾನು ಕಾಲೇಜು ಮುಗಿಸಿದ ಮೇಲೆ ಒಂದು ಸಣ್ಣ ಹೋಟೆಲ್‌ನಲ್ಲಿ ನೈಟ್ ಡ್ಯೂಟಿ ಮಾಡಿದ್ದೆ. ರಿಸೆಪ್ಷನ್‌ನಲ್ಲಿ. ಹೆಸರು ಬೇಡ. ಅಲ್ಲಿ ಹೌಸ್‌ಕೀಪಿಂಗ್‌ಗೆ ಒಬ್ಬರು ಅಕ್ಕ ಇದ್ದರು. ಅವರು ಬೆಡ್‌ಶೀಟ್ ಹಾಕೋದನ್ನು ನೀವು ನೋಡಬೇಕಿತ್ತು. ಎರಡೂ ಕೈಯಲ್ಲಿ ಅಂಚು ಹಿಡಿದು ಒಂದೇ ಸಲ ಝಾಡಿಸುತ್ತಿದ್ದರು. ಶೀಟು ಗಾಳಿಯಲ್ಲಿ ಉಬ್ಬಿ, ಒಂದು ಗಳಿಗೆ ಹಾಗೇ ನಿಂತು, ಆಮೇಲೆ ಸರಿಯಾಗಿ ನಡುಮಧ್ಯಕ್ಕೆ ಇಳಿಯುತ್ತಿತ್ತು. ಮೂಲೆಯನ್ನು ಕಾಗದದ ಲಕೋಟೆ ಥರ ಮಡಚಿ, ಅಂಗೈ ಚಪ್ಪಟೆ ಮಾಡಿ ಹಾಸಿಗೆ ಕೆಳಗೆ ತಳ್ಳುತ್ತಿದ್ದರು. ನಾನು ಮಾಡಿದರೆ ಬೆಳಗಾಗೋದರೊಳಗೆ ಕಿತ್ತು ಬರುತ್ತಿತ್ತು.

ಒಂದು ರಾತ್ರಿ ಗೆಸ್ಟ್ ಒಬ್ಬರಿಗೆ ಮೂಗಿನಿಂದ ರಕ್ತ ಬಂದು ದಿಂಬಿನ ಕವರೆಲ್ಲ ಕಲೆ. ನಾನು ಬುದ್ಧಿವಂತ ಅಲ್ವಾ, ಬಕೆಟ್‌ಗೆ ಸುಡುಸುಡು ನೀರು ಹಿಡಿದೆ. ಅಕ್ಕ ಓಡಿ ಬಂದು ಕಿತ್ತುಕೊಂಡರು. "ಬಿಸಿ ನೀರಾ? ಮೊಟ್ಟೆ ಬೇಯಿಸ್ತಿದ್ದೀಯಾ?" ಅಂದರು. ಸರಿಯಾಗೇ ಹೇಳಿದ್ದರು. ರಕ್ತದಲ್ಲಿರೋದು ಪ್ರೋಟೀನ್. ಬಿಸಿ ತಾಗಿದರೆ ಮೊಟ್ಟೆಯ ಬಿಳಿ ಭಾಗದ ಥರ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಮೊದಲು ತಣ್ಣೀರು, ಆಮೇಲೆ ಸೋಪು. ಹಟ ಮಾಡುವ ಕಲೆಗೆ ಎರಡು ಹನಿ ಹೈಡ್ರೋಜನ್ ಪೆರಾಕ್ಸೈಡ್. ಬುಸ್ ಅಂತ ನೊರೆ ಬರುತ್ತದೆ, ಕಲೆ ಮಸುಕಾಗುತ್ತದೆ.

ಈಗ ಹೇಳಿ. ಒಂದು ಹೋಟೆಲ್, 30 ಕೋಣೆ, ಎಲ್ಲ ಕೋಣೆಯಲ್ಲೂ ರಕ್ತ ಕುಡಿಯುವ ಗೆಸ್ಟ್. ಬಾಯಿ ಒರೆಸಿಕೊಳ್ಳೋದು ಟವೆಲ್‌ಗೇ ಅಲ್ವಾ? ಅಲ್ಲಿ ತಣ್ಣೀರಲ್ಲಿ ಕೈ ಅದ್ದಿಕೊಂಡು ಇಡೀ ರಾತ್ರಿ ಕೂತಿರುವವರು ಯಾರು? ನಾನು ಓದಿದ ಕಥೆಯಲ್ಲಿ ಆ ಟವೆಲ್‌ಗಳು ಯಾವಾಗಲೂ ಬೆಳ್ಳಗೇ ಇದ್ದವು. ಕಾರಣ ಇಲ್ಲ. ಸುಮ್ನೆ ಬೆಳ್ಳಗೆ.

ಗೊತ್ತು, ಗೊತ್ತು. "ಅದಕ್ಕೆ ಮ್ಯಾಜಿಕ್ ಇದೆ" ಅನ್ನುತ್ತೀರಿ. ಬೆರಳು ಚಿಟಿಕೆ ಹೊಡೆದರೆ ಹಾಸಿಗೆ ಸಿದ್ಧ. ಸ್ವಾಮಿ, ಚಿಟಿಕೆ ಹೊಡೆದರೆ ಹಾಸಿಗೆ ಬರುತ್ತದೆ ಅಂದರೆ ಹೋಟೆಲ್ ಯಾಕೆ ಬೇಕು? ಅವನು ಬಸ್ ಸ್ಟಾಪಲ್ಲೇ ಚಿಟಿಕೆ ಹೊಡೆದುಕೊಂಡು ಮಲಗಲಿ. ನಾವು ಹೋಟೆಲ್ ಕೋಣೆಗೆ ಕಾಲಿಟ್ಟ ತಕ್ಷಣ ಹಾಯ್ ಅನ್ನಿಸುತ್ತದಲ್ಲ, ಯಾಕೆ? ನಾವು ಬರುವ ಮೊದಲೇ ಯಾರೋ ನಮಗಾಗಿ ಇಲ್ಲಿ ಬಗ್ಗಿದ್ದಾರೆ. ಆ ಯಾರೋ ಇಲ್ಲದಿದ್ದರೆ ಅದು ಬೆಚ್ಚಗಿನ ಕೋಣೆ ಅಲ್ಲ, ಬರೀ ಕೋಣೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ ಮಾಡಿದವರೂ ಹಾಸಿದವರ ಬಗ್ಗೆ ಒಂದು ಗಾದೆ ಮಾಡಲಿಲ್ಲ ನೋಡಿ. ಎಲ್ಲರದ್ದೂ ಇದೇ ಬುದ್ಧಿ.

ಇನ್ನೊಬ್ಬರು ಬರೆದಿದ್ದಾರೆ, "ಒಂದೊಂದು ಕಥೆಯಲ್ಲಿ ಒಂದೊಂದು ರೂಲ್ಸ್ ಸಾರ್." ಒಪ್ಪಿದೆ. ರೂಲ್ಸ್ ಬದಲಾಗುತ್ತವೆ. ಬಿಸಿಲು ಬಿದ್ದರೆ ರಕ್ತಪಿಶಾಚಿ ಸಾಯುತ್ತಾನೆ ಅನ್ನೋದೇ ಹೊಸ ರೂಲು. ಸ್ಟೋಕರ್‌ನ ಡ್ರಾಕುಲಾ ಲಂಡನ್‌ನಲ್ಲಿ ಹಾಡುಹಗಲೇ ಓಡಾಡುತ್ತಾನೆ, ಹಗಲಲ್ಲಿ ಅವನ ಶಕ್ತಿ ಸ್ವಲ್ಪ ಕಡಿಮೆ, ಅಷ್ಟೇ. ಬಿಸಿಲಿಗೆ ಕರಗಿ ಹೋಗೋದು ಶುರುವಾಗಿದ್ದು 1922ರ ನೊಸ್ಫೆರಾಟು ಅನ್ನುವ ಮೂಕಿ ಸಿನಿಮಾದಿಂದ. ಆದರೆ ಬಿಸಿಲಿನ ರೂಲು ಹಾಕಿದ್ದೇ ಆದರೆ ಹೋಟೆಲ್ ಲೆಕ್ಕವೂ ಬದಲಾಗಬೇಕಲ್ಲ? ಚೆಕ್ ಔಟ್ ಮಧ್ಯಾಹ್ನ 12 ಗಂಟೆಗೆ ಅಂತ ಬೋರ್ಡ್ ಹಾಕಿದ್ದಾರೆ ಕಥೆಯಲ್ಲಿ! ಅದು ಚೆಕ್ ಔಟ್ ಅಲ್ಲ, ಕೊಲೆ. ಬೆಳಿಗ್ಗೆ ಹೊಸ ಹುಡುಗಿ ಗುಡ್ ಮಾರ್ನಿಂಗ್ ಸಾರ್ ಅಂತ ಪರದೆ ಸರಿಸಿದರೆ ಬೂದಿ ಗುಡಿಸೋದೂ ಅವಳೇ.

ಇದಕ್ಕಿಂತ ಒಳ್ಳೆಯದು ಮಣ್ಣಿನ ರೂಲು. ಡ್ರಾಕುಲಾ ಇಂಗ್ಲೆಂಡಿಗೆ ಹೋಗುವಾಗ ತನ್ನ ಊರಿನ ಮಣ್ಣು ತುಂಬಿದ 50 ಪೆಟ್ಟಿಗೆ ತೆಗೆದುಕೊಂಡು ಹೋಗುತ್ತಾನೆ. ಆ ಮಣ್ಣಲ್ಲೇ ಮಲಗಬೇಕು. ಅವನ ಬೆನ್ನು ಬಿದ್ದವರು 49 ಪೆಟ್ಟಿಗೆಯನ್ನು ಹುಡುಕಿ ಕೆಡಿಸುತ್ತಾರೆ. ಉಳಿದ ಒಂದೇ ಪೆಟ್ಟಿಗೆಯಲ್ಲಿ ಅವನು ಊರಿನ ಕಡೆ ಓಡುತ್ತಾನೆ. ಈಗ ಇದನ್ನು ನಮ್ಮ ಹೋಟೆಲ್‌ಗೆ ತನ್ನಿ. ಗೆಸ್ಟ್ ಹಾಸಿಗೆಯ ಕೆಳಗೆ ಒಂದು ಹಿಡಿ ಮಣ್ಣು ಇಟ್ಟುಕೊಂಡು ಮಲಗುತ್ತಾನೆ ಅನ್ನಿ. ಅವನ ಹತ್ತಿರ ಇರೋದೇ ಅಷ್ಟು. ಕೆಲಸಕ್ಕೆ ಸೇರಿ ಎರಡನೇ ದಿನದ ಹುಡುಗಿ, ಪಾಪ, ಶೀಟು ಬದಲಾಯಿಸುವಾಗ ನೋಡಿ, ಛೀ ಎಷ್ಟು ಕೊಳಕು ಅಂತ ವ್ಯಾಕ್ಯೂಮ್ ಕ್ಲೀನರ್ ಹಾಕಿಬಿಡುತ್ತಾಳೆ. ಬೆಳಕು ಹರಿಯೋಕೆ ಇನ್ನು 20 ನಿಮಿಷ. ಅವಳು ವ್ಯಾಕ್ಯೂಮ್ ಚೀಲ ಬಿಚ್ಚಿ, 30 ಕೋಣೆಯ ಕೂದಲು, ಧೂಳಿನ ನಡುವೆ ಒಬ್ಬನ ಊರಿನ ಮಣ್ಣು ಯಾವುದು ಅಂತ ಹುಡುಕುತ್ತಿದ್ದಾಳೆ.

ಕಥೆ ಅಂದರೆ ಇದು! ಹಾಸಿಗೆ ಯಾರು ಹಾಸಿದರು ಅಂತ ಕೇಳಿದ್ದಕ್ಕೇ ತಾನೇ ಇದು ಸಿಕ್ಕಿದ್ದು? ಈ ಐಡಿಯಾ ನನ್ನದು, ಯಾರೂ ಕದಿಯಬೇಡಿ. ನನ್ನ ಕಾದಂಬರಿಯಲ್ಲಿ ಬರುತ್ತದೆ. ಕಾದಂಬರಿ ಯಾವಾಗ ಬರುತ್ತದೆ ಅಂತ ಕೇಳಬೇಡಿ.

ಒಬ್ಬ ಅಕ್ಕ ಮಾತ್ರ ಬೇರೆ ಥರ ಬರೆದಿದ್ದರು. "ದಿನವೆಲ್ಲ ಮನೆ ಕೆಲಸ, ಆಫೀಸ್ ಕೆಲಸ ಮಾಡಿ ಸುಸ್ತಾಗಿ ಇಂಥ ಕಥೆ ಓದೋಕೆ ಕೂರುತ್ತೇವೆ. ಅಲ್ಲೂ ಬಟ್ಟೆ ಒಗೆಯೋದು ತೋರಿಸಬೇಕಾ?" ಅಂತ. ಇದಕ್ಕೆ ಉತ್ತರ... ಇದೆ. ಇದೆ, ತಡೀರಿ. ಅಕ್ಕ, ನೀವು ಒಗೆಯಬೇಡಿ. ಒಗೆದವರ ಹೆಸರು ಹೇಳಿ ಅಂತ ಮಾತ್ರ ಕೇಳುತ್ತಿದ್ದೇನೆ. ಒಂದು ಸಾಲು. ಒಂದು ಹೆಸರು. ಸರಿ, ಮುಂದಕ್ಕೆ ಹೋಗೋಣ.

ಎಲ್ಲಿದ್ದೆ? ಹಾಂ, ಆಸರೆ. ಆಸರೆ ಕೊಡುವ ಹೋಟೆಲ್ ಅನ್ನುತ್ತೀರಲ್ಲ. ರಕ್ತಪಿಶಾಚಿ ಕಥೆಗೆ ಕೋಟೆ, ಕೌಂಟು ಇವೆಲ್ಲ ಆಮೇಲೆ ಬಂದದ್ದು. 1725ರಲ್ಲಿ ಸರ್ಬಿಯಾದ ಒಂದು ಹಳ್ಳಿಯಲ್ಲಿ ಪೇಟರ್ ಬ್ಲಾಗೊಯೆವಿಚ್ ಅನ್ನುವ ರೈತ ಸತ್ತ. ಸತ್ತ ಗಂಡ ರಾತ್ರಿ ಮನೆಗೆ ಬಂದು ತನ್ನ ಚಪ್ಪಲಿ ಕೇಳಿದ ಅಂತ ಹೆಂಡತಿ ಹೇಳಿದಳು. ಹೇಳಿ ಊರನ್ನೇ ಬಿಟ್ಟಳು. ಊರವರು ಇವನು ರಕ್ತಪಿಶಾಚಿ ಆಗಿದ್ದಾನೆ ಅಂತ ಗೋರಿ ಅಗೆದು, ಎದೆಗೆ ಗೂಟ ಹೊಡೆದು, ಸುಟ್ಟು ಹಾಕಿದರು. ಅಧಿಕಾರಿಯ ವರದಿಯಲ್ಲಿ ಇದೆಲ್ಲ ದಾಖಲಾಗಿದೆ. ಊರಲ್ಲಿ ಬೇರೆಯವರು ಸತ್ತಿದ್ದಕ್ಕೂ ಇವನೇ ಕಾರಣ ಅಂದರು, ಅದು ಬಿಡಿ. ನನಗೆ ತಲೆಯಲ್ಲಿ ಉಳಿದದ್ದು ಚಪ್ಪಲಿ. ಹೆಂಡತಿ ಹೇಳಿದ ಪ್ರಕಾರ ಅವನು ಬಂದದ್ದು ಚಪ್ಪಲಿಗೆ! ಇಂಥವನಿಗೆ ಹೋಟೆಲ್ ಕಟ್ಟಿದರೆ ಮೊದಲು ಬೇಕಾದ್ದು ಏನು? ಗೊಂಚಲು ದೀಪವಾ? ಅಲ್ಲ ಸ್ವಾಮಿ, ಬಾಗಿಲ ಹೊರಗೆ ಬಿಟ್ಟ ಚಪ್ಪಲಿಯನ್ನು ಒರೆಸಿ ಇಡುವ ಒಬ್ಬ ಮನುಷ್ಯ.

ಬಾವಲಿಗಳನ್ನೇ ನೋಡಿ. ರಕ್ತ ಕುಡಿಯುವ ಬಾವಲಿ ನಿಜವಾಗಿ ಇದೆ, ಅಮೆರಿಕ ಖಂಡಗಳಲ್ಲಿ ಮಾತ್ರ. ಎರಡು ಮೂರು ರಾತ್ರಿ ಊಟ ಸಿಗದಿದ್ದರೆ ಸಾಯುತ್ತದೆ. ಅದಕ್ಕೇ, ಹೊಟ್ಟೆ ತುಂಬಿದ ಬಾವಲಿ ಹಸಿದ ಜೊತೆಗಾರನ ಬಾಯಿಗೆ ತಾನು ಕುಡಿದಿದ್ದನ್ನೇ ಕಕ್ಕಿ ಕೊಡುತ್ತದೆ. ಅಸಹ್ಯ ಅನ್ನಿಸಿತಾ? ಆದರೆ ಅಲ್ಲಿ ಕೆಲಸ ಮಾಡಿದವರು ಯಾರು ಅಂತ ಕಾಣುತ್ತದೆ! ನಿಮ್ಮ ಹೋಟೆಲ್‌ನ ಫ್ರಿಜ್‌ನಲ್ಲಿ ರಕ್ತದ ಬ್ಯಾಗು ತಾನಾಗಿ ಬಂದು ಕೂರುತ್ತದೆ. ಕೆಂಪು ರಕ್ತಕಣದ ಬ್ಯಾಗ್ ಸರಿಯಾಗಿ ತಣ್ಣಗಿಟ್ಟರೂ 42 ದಿನಕ್ಕಿಂತ ಜಾಸ್ತಿ ಇಡೋ ಹಾಗಿಲ್ಲ. ತಾರೀಖು ನೋಡಿ ಹಳೆಯದನ್ನು ಮುಂದೆ ಇಡುವವರು ಯಾರು? "ಆಸ್ಪತ್ರೆಯಲ್ಲಿ ಒಬ್ಬ ಪರಿಚಯದವನಿದ್ದಾನೆ" ಅಂತ ಒಂದೇ ಮಾತಲ್ಲಿ ಮುಗಿಸಿದ್ದಾರೆ. ಅದಕ್ಕೆ ಕಳ್ಳತನ ಅನ್ನುತ್ತಾರೆ! ಆಪರೇಷನ್ ಟೇಬಲ್ ಮೇಲೆ ಮಲಗಿದವನ ರಕ್ತ ಅದು. ಬೆಚ್ಚಗಿನ ಕಥೆಯಂತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಸರಿ, ಸ್ಕ್ರಿಪ್ಟ್‌ನಲ್ಲಿ ಇನ್ನೂ ಎರಡು ಪಾಯಿಂಟ್ ಇತ್ತು. ಒಂದು ಕನ್ನಡಿ ಬಗ್ಗೆ. ಲಿಫ್ಟ್‌ನಲ್ಲಿ ಕನ್ನಡಿ, ರಕ್ತಪಿಶಾಚಿಗಳು ಅದರಲ್ಲಿ ಕಾಣಲ್ಲ, ಅಷ್ಟೇ, ಜೋಕ್ ಚೆನ್ನಾಗಿಲ್ಲ, ಬಿಟ್ಟೆ. ಇನ್ನೊಂದು ಏನು ಬರೆದಿದ್ದೇನೆ ಅಂತ ನನ್ನ ಅಕ್ಷರ ನನಗೇ ಓದೋಕೆ ಬರುತ್ತಿಲ್ಲ. ಪರವಾಗಿಲ್ಲ. ಹೇಗೂ ಅದರ ಕೊನೆಗೂ ನಾನು ಅದೇ ಕೇಳುತ್ತಿದ್ದೆ. ಹಾಸಿಗೆ ಯಾರು ಹಾಸಿದರು?

ನನ್ನ ಕಾದಂಬರಿ ಬಗ್ಗೆ ದಿನಾ ಕೇಳುವವರಿಗೆ, ನಿಜ ಹೇಳಿಬಿಡುತ್ತೇನೆ. ಮೂರು ವರ್ಷ ಆಯಿತು. 80 ಪುಟ ಆಗಿದೆ. ಗೆಸ್ಟ್ ಇನ್ನೂ ಮೇಲಕ್ಕೆ ಹೋಗಿಲ್ಲ. ರಿಸೆಪ್ಷನ್‌ನಲ್ಲೇ ಕೂತಿದ್ದಾನೆ, ಒದ್ದೆ ಕೋಟಿನಲ್ಲಿ. ಯಾಕೆಂದರೆ ಮೇಲೆ ಅಕ್ಕ ಇನ್ನೂ ಹಾಸಿಗೆ ಹಾಸುತ್ತಿದ್ದಾರೆ. ಓದಿದ ಗೆಳೆಯನೊಬ್ಬ "ಏನೂ ನಡೆಯೋದೇ ಇಲ್ವಲ್ಲೋ" ಅಂದ. ನಡೆಯುತ್ತಿದೆಯಲ್ಲಪ್ಪಾ! ಮೂಲೆ ಮಡಚುತ್ತಿದ್ದಾರೆ! ಮೆಂಬರ್ ಆದವರಿಗೆ ಮೊದಲ 10 ಪುಟ ಕಳಿಸುತ್ತೇನೆ, ಲಿಂಕ್ ಕೆಳಗಿದೆ. ಆ 10 ಪುಟದಲ್ಲಿ ದಿಂಬಿನ ಕವರ್ ಮುಗಿಯುತ್ತದೆ.

ಆ ಕಾಮೆಂಟನ್ನು ಪಿನ್ ಮಾಡಿದ್ದೇನೆ. ಹೋಗಿ ಉತ್ತರ ಕೊಡಿ. ಬೈಯಬೇಡಿ, ಮರ್ಯಾದೆಯಿಂದ ಬರೆಯಿರಿ. ಇವತ್ತು ರಾತ್ರಿ ಎಲ್ಲಿ ಮಲಗುತ್ತೀರಿ ಸಾರ್ ಅಂತ ಕೇಳಿ. ಅವರು ಹೇಳುತ್ತಾರೆ. ಆಮೇಲೆ ಮುಂದಿನದನ್ನು ಕೇಳಿ, ಏನು ಅಂತ ನಿಮಗೆ ಗೊತ್ತು. ಎಮೋಜಿ ಎಷ್ಟು ಬೇಕಾದರೂ ಹಾಕಿ, ಮೂರಕ್ಕೆ ಕಡಿಮೆ ಬೇಡ.