ಫ್ರಾನ್ಸಿನ ಸಣ್ಣ ಊರಲ್ಲಿ ಭಾಷಾ ಸಹಾಯಕರಾಗಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಕೆಲವರು ಸೆಪ್ಟೆಂಬರ್ ಕೊನೆಗೆ ಫ್ರಾನ್ಸಿಗೆ ಹೊರಡುವವರು, ಅಲ್ಲಿನ ಶಾಲೆಗಳಲ್ಲಿ ಇಂಗ್ಲಿಷ್ ಭಾಷಾ ಸಹಾಯಕರಾಗಿ. ಇನ್ನು ಕೆಲವರು ಅರ್ಜಿ ಹಾಕೋದಾ ಬೇಡವಾ ಅಂತ ಯೋಚಿಸುತ್ತಿದ್ದೀರಿ. ಹಾಗಾಗಿ ನಾನು ಪ್ಯಾರಿಸ್ಸಿನ ಸೊಬಗಿನ ಬಗ್ಗೆ ಮಾತಾಡುವುದಿಲ್ಲ. ನಿಮ್ಮಲ್ಲಿ ಬಹಳ ಜನಕ್ಕೆ ಸಿಗುವುದು ಹೆಸರೇ ಕೇಳಿರದ ಒಂದು ಸಣ್ಣ ಊರು. ಅಲ್ಲಿ ಏಳು ತಿಂಗಳು ಬದುಕುವುದು ಹೇಗೆ ಅನ್ನುವುದೇ ಇವತ್ತಿನ ವಿಷಯ.

ಈ ಕಾರ್ಯಕ್ರಮ 1905ರಿಂದ ನಡೆದುಕೊಂಡು ಬಂದಿದೆ. ಸಾಮಾನ್ಯವಾಗಿ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ, ವಾರಕ್ಕೆ 12 ಗಂಟೆ ಕೆಲಸ. ಸಿಲಬಸ್ ಮುಗಿಸುವ ಹೊಣೆ ನಿಮ್ಮದಲ್ಲ, ಅಂಕ ಕೊಡುವುದೂ ಅಲ್ಲ. ಮಕ್ಕಳ ಬಾಯಿಂದ ಮಾತು ಹೊರಡಿಸಬೇಕು, ಅಷ್ಟೇ. 12 ಗಂಟೆ ಅಂದ ಕೂಡಲೇ ಎಲ್ಲರಿಗೂ ಖುಷಿ. ನನ್ನ ಪ್ರಕಾರ ಕಷ್ಟ ಇರುವುದೇ ಅಲ್ಲಿ. ಉಳಿದ ಹೊತ್ತು ತುಂಬಾ ದೊಡ್ಡದು. ಅದಕ್ಕೆ ಯಾರೂ ಟೈಮ್‌ಟೇಬಲ್ ಹಾಕಿ ಕೊಡುವುದಿಲ್ಲ.

ಮೊದಲ ಕೆಲವು ವಾರ ಕಾಗದಪತ್ರದಲ್ಲೇ ಕಳೆದುಹೋಗುತ್ತವೆ. ಬ್ಯಾಂಕಿನವರು ವಿಳಾಸದ ಪುರಾವೆ ಕೇಳುತ್ತಾರೆ. ಮನೆ ಮಾಲೀಕರು ಬ್ಯಾಂಕ್ ಖಾತೆ ಕೇಳುತ್ತಾರೆ, ಮೇಲಿಂದ ಜಾಮೀನು ಬೇರೆ. ಇದರಿಂದ ಹೊರಬರುವ ದಾರಿ ಎಷ್ಟೋ ಸಲ ಶಾಲೆಯಲ್ಲೇ ಇರುತ್ತದೆ. ಕೆಲವು ಲಿಸೆಗಳಲ್ಲಿ, ಅಂದರೆ ಹದಿನೈದು ದಾಟಿದ ಮಕ್ಕಳ ಹೈಸ್ಕೂಲುಗಳಲ್ಲಿ, ಹಾಸ್ಟೆಲ್ ರೂಮೋ ಸಿಬ್ಬಂದಿಯ ಮನೆಯೋ ಖಾಲಿ ಇರುತ್ತದೆ. ಯಾವ ಶಾಲೆ ಅಂತ ಗೊತ್ತಾದ ದಿನವೇ ಮೇಲ್ ಮಾಡಿ ಕೇಳಿ, ನಾಚಿಕೊಳ್ಳಬೇಡಿ. ಯಾರ ಮನೆಯಲ್ಲಿ ಉಳಿಯುತ್ತೀರೋ ಅವರು ಬರೆದುಕೊಟ್ಟ ಪತ್ರವೂ ವಿಳಾಸದ ಪುರಾವೆಯಾಗಿ ನಡೆಯುತ್ತದೆ. ಜಾಮೀನಿಗೆ ವಿಸಾಲ್ ಅನ್ನುವ ಉಚಿತ ವ್ಯವಸ್ಥೆ ಇದೆ, ಬಾಡಿಗೆಯಲ್ಲಿ ಸ್ವಲ್ಪ ನೆರವಿಗೆ ಕಾಫ್ ಅನ್ನುವ ಭತ್ಯೆ ಕಚೇರಿ ಇದೆ. ವೀಸಾವನ್ನು ಅಲ್ಲಿಗೆ ಹೋದ ಮೂರು ತಿಂಗಳೊಳಗೆ ಆನ್‌ಲೈನ್‌ನಲ್ಲಿ ಊರ್ಜಿತ ಮಾಡಿಸಿಕೊಳ್ಳಲೇಬೇಕು. ಮೊದಲ ಸಂಬಳ ಅಕ್ಟೋಬರ್ ಕೊನೆಗೆ ಪೂರ್ತಿ ಬರದೇ ಹೋಗಬಹುದು, ಅದಕ್ಕೆ ಎರಡು ತಿಂಗಳ ಖರ್ಚಿನ ದುಡ್ಡು ಕೈಯಲ್ಲಿರಲಿ. ಇವೆಲ್ಲ ಬೇಜಾರಿನ ಕೆಲಸಗಳೇ. ಆದರೆ ಒಂದೊಂದೇ ಮುಗಿಯುತ್ತವೆ.

ಮುಗಿಯದ್ದು ಬೇರೆಯೇ ಇದೆ. ಶಾಲೆ ಈಗ ತಾನೇ ರೂಢಿಯಾಗುತ್ತಿದೆ ಅನ್ನುವಾಗ, ಅಕ್ಟೋಬರ್ ಕೊನೆಗೆ ತೂಸ್ಸಾಂ ರಜೆ, ಅಂದರೆ ಸಕಲ ಸಂತರ ಹಬ್ಬದ ರಜೆ ಬರುತ್ತದೆ. ಎರಡು ವಾರ. ಪರಿಚಯವಾದ ನಾಲ್ಕು ಜನ ಮೇಷ್ಟ್ರುಗಳೂ ಊರು ಬಿಟ್ಟಿರುತ್ತಾರೆ. ಅದೇ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಸಂಜೆ ದಿಢೀರಂತ ಕುಗ್ಗಿಬಿಡುತ್ತದೆ. ಉತ್ತರದ ಲಿಲ್ ಕಡೆಯಾದರೆ ಡಿಸೆಂಬರ್‌ನಲ್ಲಿ ನಾಲ್ಕೂಮುಕ್ಕಾಲಿಗೇ ಸೂರ್ಯ ಮುಳುಗುತ್ತಾನೆ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಬಸ್ಸೂ ಕಮ್ಮಿ. ರೂಮಿನಲ್ಲಿ ಒಬ್ಬರೇ ಕೂತು ಮನೆಗೆ ವಿಡಿಯೋ ಕಾಲ್ ಮಾಡುತ್ತೀರಿ. ಅಮ್ಮ "ಊಟ ಆಯ್ತಾ?" ಅಂತ ಕೇಳಿದ ಕೂಡಲೇ ಗಂಟಲು ಕಟ್ಟುತ್ತದೆ. ನಾನು ನೋಡಿದಂತೆ, ವಾಪಸ್ ಹೋಗಿಬಿಡೋಣ ಅಂತ ಬಹಳ ಜನರಿಗೆ ಅನ್ನಿಸುವುದು ಈ ದಿನಗಳಲ್ಲೇ. ಅದು ನಿಮ್ಮ ಕೈಲಾಗದತನ ಅಲ್ಲ. ಆ ಹೊತ್ತಿಗೆ ನಿಮ್ಮನ್ನು ಅಲ್ಲಿ ಹಿಡಿದಿಡುವುದು ಇನ್ನೂ ಏನೂ ಬೆಳೆದಿರುವುದಿಲ್ಲ.

ಹಿಡಿದಿಡುವುದು ಏನು ಹಾಗಾದರೆ? ಪ್ರವಾಸ ಅಂತ ನನಗನ್ನಿಸುವುದಿಲ್ಲ. ಬೇರೆ ಬೇರೆ ದೇಶದ ಸಹಾಯಕರು ಸೇರಿ ವಾರಕ್ಕೊಂದು ನಗರ ಸುತ್ತುವುದು ಚೆನ್ನಾಗಿಯೇ ಇರುತ್ತದೆ, ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತದೆ. ಆದರೆ ಪ್ರತಿ ಶನಿವಾರವೂ ರೈಲು ಹತ್ತಿದರೆ ನೀವಿರುವ ಊರು ಬರೀ ಬಸ್ ಸ್ಟ್ಯಾಂಡ್ ಆಗಿ ಉಳಿಯುತ್ತದೆ. ಫ್ರಾನ್ಸಿನ ಸಣ್ಣ ಊರಿನ ಜೀವ ಇರುವುದು ಅಲ್ಲಿನ ಸಂಘಗಳಲ್ಲಿ. 1901ರ ಒಂದು ಕಾನೂನಿನಿಂದ ಯಾರು ಬೇಕಾದರೂ ಸುಲಭವಾಗಿ ಸಂಘ ಕಟ್ಟಬಹುದು. ಹಾಗಾಗಿ ಎಲ್ಲದಕ್ಕೂ ಒಂದೊಂದು ಸಂಘ: ಕೋರಸ್ ಹಾಡು, ಚಾರಣ, ಬ್ಯಾಡ್ಮಿಂಟನ್, ಹೊಲಿಗೆ. ಇವೆಲ್ಲ ಒಂದೇ ಕಡೆ ಟೇಬಲ್ ಹಾಕಿಕೊಂಡು ಕೂರುವ ಮೇಳ ಸೆಪ್ಟೆಂಬರ್ ಮೊದಲ ವಾರಗಳಲ್ಲಿ ನಡೆಯುತ್ತದೆ, ನೀವು ತಲುಪುವಷ್ಟರಲ್ಲಿ ಮುಗಿದಿರುತ್ತದೆ. ಪರವಾಗಿಲ್ಲ, ಮೇರಿಗೆ, ಅಂದರೆ ಪುರಸಭೆಗೆ ಹೋಗಿ ಪಟ್ಟಿ ಕೇಳಿ. ಹಾಡಲು ಬರಲಿ ಬಿಡಲಿ, ಒಂದಕ್ಕೆ ಸೇರಿ. ಮಂಗಳವಾರ ಸಂಜೆ ಏಳಕ್ಕೆ ನೀವು ಬರಲಿಲ್ಲ ಅಂದರೆ "ಎಲ್ಲಿ, ಇವತ್ತು ಕಾಣ್ತಿಲ್ಲ?" ಅಂತ ಕೇಳುವವರು ಒಬ್ಬರಿರಬೇಕು.

ಶಾಲೆಯಲ್ಲೂ ಅಷ್ಟೇ. ಡಬ್ಬಿ ಕಟ್ಟಿಕೊಂಡು ಹೋಗಿ ಖಾಲಿ ಕ್ಲಾಸಿನಲ್ಲಿ ತಿನ್ನಬೇಡಿ. ಸಸ್ಯಾಹಾರಿಗಳಿಗೆ ಕ್ಯಾಂಟೀನಿನಲ್ಲಿ ಆಯ್ಕೆ ಕಮ್ಮಿ, ನಿಜ. ಡಬ್ಬಿಯನ್ನು ಮೇಷ್ಟ್ರುಗಳ ಕೋಣೆಗೇ ತಗೊಂಡು ಹೋಗಿ ಬಿಚ್ಚಿ. ಬೇಕಿದ್ದ ಸುದ್ದಿಯೆಲ್ಲ ಸಿಗುವುದು ಅಲ್ಲೇ: ಯಾರ ಮನೆಯ ಮೇಲಿನ ರೂಮು ಖಾಲಿ ಇದೆ, ಯಾರ ಹತ್ತಿರ ಹಳೇ ಸೈಕಲ್ ಇದೆ, ಯಾರು ನಿಮ್ಮ ದಾರಿಯಲ್ಲೇ ಕಾರಿನಲ್ಲಿ ಬರುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ಎಲ್ಲರಿಗೂ ಕೇಳುವಂತೆ "ಬೋಂಜೂರ್" ಹೇಳಿ. ಸುಮ್ನೆ ಹೋಗಿ ಮೂಲೆಯಲ್ಲಿ ಕೂತರೆ ಅದನ್ನು ಸಂಕೋಚ ಅಂದುಕೊಳ್ಳುವುದಿಲ್ಲ, ಅಸಡ್ಡೆ ಅಂದುಕೊಳ್ಳುತ್ತಾರೆ.

ಇನ್ನು ಕ್ಲಾಸು. ನಮ್ಮವರಿಗೆಲ್ಲ ಒಂದು ಭಯ ಇರುತ್ತದೆ: ನಮ್ಮ ಇಂಗ್ಲಿಷ್ ಉಚ್ಚಾರ ಬ್ರಿಟಿಷರದ್ದಲ್ಲವಲ್ಲ, ಅಂತ. ಆ ಭಯ ಬೇಡ. ಆ ಮಕ್ಕಳು ಮುಂದೆ ಇಂಗ್ಲಿಷ್ ಮಾತಾಡುವುದು ಬರೀ ಲಂಡನ್ನಿನವರ ಜೊತೆ ಅಲ್ಲ, ಜಗತ್ತಿನ ಜೊತೆ. ನಿಮ್ಮ ದನಿ ಅವರ ಕಿವಿಗೆ ಬೀಳಬೇಕು. ತಪ್ಪಾದೀತು ಅಂತ ಹೆದರಿ ಆ ಹದಿಹರೆಯದವರು ಬಾಯೇ ಬಿಡುವುದಿಲ್ಲ, ನಿಜವಾದ ತೊಂದರೆ ಅದು. ನನ್ನ ಗುಂಪಿನಲ್ಲೂ ಹಾಗೇ ಇತ್ತು. ಒಂದು ದಿನ ಬೋರ್ಡಿನ ಮೇಲೆ ಅವರ ಹೆಸರುಗಳನ್ನು ಕನ್ನಡದಲ್ಲಿ ಬರೆಯಲು ಶುರು ಮಾಡಿದೆ. ಕ್ಲೋಯೆ ಅನ್ನುವ ಹೆಸರಿನಲ್ಲಿ ಒಂದಕ್ಷರದ ಕೆಳಗೆ ಇನ್ನೊಂದು ಅಕ್ಷರ ಕೂತಿದ್ದು ನೋಡಿ, ಅಲ್ಲಿಯವರೆಗೆ ತುಟಿ ಬಿಚ್ಚದ ಹುಡುಗನೊಬ್ಬ ಯಾಕೆ ಕೆಳಗೆ ಅಂತ ಇಂಗ್ಲಿಷಿನಲ್ಲಿ ಕೇಳಿದ. ವಾಕ್ಯ ವ್ಯಾಕರಣಕ್ಕೆ ಸರಿ ಇರಲಿಲ್ಲ. ನಾನು ತಿದ್ದಲಿಲ್ಲ, ಉತ್ತರ ಕೊಟ್ಟೆ. ಅವನು ಇನ್ನೊಂದು ಕೇಳಿದ. ಪಕ್ಕದವಳು ತನ್ನ ತಂಗಿಯ ಹೆಸರನ್ನೂ ಬರೆಯಿರಿ ಅಂದಳು. ಆ ತಾಸು ಪೂರ್ತಿ ಫ್ರೆಂಚ್ ಬಳಸದೆ ಮಾತಾಡಿದರು.

ನನ್ನ ಮಾತು ಇಷ್ಟು. ಈಗ ನೀವು ಕೇಳಿ, ಮನೆ ಹುಡುಕುವ ವಿಷಯದಿಂದಲೇ ಶುರು ಮಾಡೋಣ.